ಪಾರಿವಾಳ ಇಲ್ಲದ ಮನೆ

ಅಕ್ಕನಿಗೆ ಪಾರಿವಾಳದ ಹುಚ್ಚು ಹಚ್ಚಿದವನು ನಾನೇ. ಅಮರಗೋಳದಲ್ಲಿ ನನ್ನದು ಕಾಳಿನ ಅಂಗಡಿ. ಚೀಲ ಸುರಿಯುವಾಗ ನೆಲಕ್ಕೆ ಬಿದ್ದ ಜೋಳವನ್ನು ಗುಡಿಸಿ, ಹಕ್ಕಿಗಳಿಗೆ ಹಾಕಲೆಂದು ವಾರಕ್ಕೊಮ್ಮೆ ಮಾಳಮಡ್ಡಿಯ ಅವಳ ಮನೆಗೆ ಒಯ್ಯುತ್ತಿದ್ದೆ. ಅವಳು ಮದುವೆಯಾಗಿರಲಿಲ್ಲ. ಶಾಲೆಯಿಂದ ನಿವೃತ್ತಳಾದ ಮೇಲೆ ಹೊತ್ತು ಹೋಗುತ್ತಿರಲಿಲ್ಲ. ಮಾಳಿಗೆಯ ಮೇಲೆ ಮೊದಲ ಸಲ ಜೋಳ ಚೆಲ್ಲಿದಾಗ ಎರಡು ಪಾರಿವಾಳ ಬಂದವೆಂದು ಫೋನ್ ಮಾಡಿ ಹೇಳಿದ್ದಳು. ವರ್ಷದೊಳಗೆ ಸೋಲಾರ್ ಕೆಳಗೆ, ನೀರಿನ ಟಾಕಿಯ ಹಿಂದೆ, ಎಲ್ಲೆಲ್ಲೂ ಗೂಡು. ದಿನಾ ಬೆಳಿಗ್ಗೆ ಹಿಕ್ಕೆ ಗುಡಿಸುವುದೇ ಅವಳಿಗೊಂದು ಕೆಲಸವಾಯಿತು.

ಮೊದಲು ಒಣಕೆಮ್ಮು ಬಂತು. ಧೂಳಿಗೆ ಹೀಗಾಗುತ್ತದೆಂದು ಎರಡು ವರ್ಷ ಗುಳಿಗೆ ನುಂಗಿದಳು. ಮೆಟ್ಟಿಲು ಹತ್ತಲಾರದೆ ಕುಳಿತುಬಿಟ್ಟಾಗ ಹುಬ್ಬಳ್ಳಿಯ ದೊಡ್ಡ ಡಾಕ್ಟರಿಗೆ ತೋರಿಸಿದೆ. ಅವರು ಸ್ಕ್ಯಾನ್ ನೋಡಿ ಕೇಳಿದರು:

“ಮನ್ಯಾಗ ಪಾರಿವಾಳ ಅದಾವೇನ್ರಿ?”

“ಭಾಳ ಅದಾವ್ರಿ. ಕೈಮ್ಯಾಲೇ ಬಂದು ಕೂಡ್ತಾವ,” ಎಂದು ಅಕ್ಕ ನಕ್ಕಳು.

ಡಾಕ್ಟರು ನಗಲಿಲ್ಲ. ಹಿಕ್ಕೆ, ಪುಕ್ಕದ ಧೂಳು ಒಳಹೋಗಿ ಶ್ವಾಸಕೋಶ ಗಟ್ಟಿಯಾಗಿದೆ, ಕೆಟ್ಟಷ್ಟು ಇನ್ನು ಸರಿಹೋಗುವುದಿಲ್ಲ, ಉಳಿದದ್ದಾದರೂ ಉಳಿಯಬೇಕಾದರೆ ಇವರನ್ನು ಪಾರಿವಾಳವಿಲ್ಲದ ಕಡೆ ಇಡಿ ಎಂದರು.

ಮನೆ ಹುಡುಕತೊಡಗಿದೆ. ತೋರಿಸುವವರು ನೀರು, ಪಾರ್ಕಿಂಗ್ ಎಂದು ಹೇಳುತ್ತಿದ್ದರೆ ನಾನು ತಲೆಯೆತ್ತಿ ಸಜ್ಜಾ ನೋಡುತ್ತಿದ್ದೆ. ಹೊಸ ಅಪಾರ್ಟ್‌ಮೆಂಟಿಗೆ ಜನ ಬರುವ ಮೊದಲೇ ಅವು ಬಂದು ಮೊಟ್ಟೆಯಿಟ್ಟಿದ್ದವು. ಕೊನೆಗೆ ಗರಗದ ರಸ್ತೆಯಲ್ಲಿ ಒಂದು ಮನೆ ಸಿಕ್ಕಿತು. ಸುತ್ತ ಬಯಲು, ಒಂದೂ ಪಾರಿವಾಳವಿಲ್ಲ. ಅಕ್ಕನನ್ನು ಅಲ್ಲಿಗೆ ಕರೆದೊಯ್ದೆ.

ಮೂರು ತಿಂಗಳಿಗೆ ಪಕ್ಕದಲ್ಲಿ ಕಾಳಿನ ಗೋದಾಮು ಎದ್ದಿತು. ಮರುವಾರವೇ ಅದರ ತಗಡಿನ ಮೇಲೆ ಪಾರಿವಾಳಗಳು ಸಾಲಾಗಿ ಕೂತಿದ್ದವು. ಕಾಳು ಚೆಲ್ಲದಂತೆ ನೋಡಿಕೊಳ್ಳಿ ಎಂದು ಗೋದಾಮಿನ ಮಾಲೀಕನನ್ನು ಬೇಡಿಕೊಂಡೆ.

“ಕಾಳು ಚೆಲ್ಲದ ಗೋದಾಮು ಎಲ್ಲೈತ್ರಿ? ನಿಮಗ ಗೊತ್ತಿಲ್ಲದ್ದೇನು?” ಎಂದ.

ಈಗ ಕಿಟಕಿಗಳನ್ನೆಲ್ಲ ಮುಚ್ಚಿ ಅಂಚಿಗೆ ಟೇಪು ಅಂಟಿಸಿದ್ದೇನೆ. ಬೇಸಿಗೆಯಲ್ಲೂ ತೆಗೆಯುವಂತಿಲ್ಲ. ಆಕ್ಸಿಜನ್ ಯಂತ್ರ ಹಗಲೂ ರಾತ್ರಿಯೂ ಗುಂಯ್ ಎನ್ನುತ್ತಿರುತ್ತದೆ. ಮೊನ್ನೆ ಕೇಳಿದೆ, “ಅಕ್ಕಾ, ಇನ್ನೊಂದ ಕಡೆ ನೋಡ್ಲೇನು?”

ಅವಳಿಗೆ ಉಸಿರು ಕೂಡಿಸಿಕೊಳ್ಳಲು ಹೊತ್ತು ಹಿಡಿಯಿತು. “ಬ್ಯಾಡೋ ತಮ್ಮಾ. ಎಲ್ಲಿ ಹೋದ್ರೂ ಬರ್ತಾವ. ನನಗ ಸಾಕಾಗೇತಿ.”

ಹೂಂ ಎಂದೆ. ಹಾಗೆಲ್ಲ ಅನ್ನಬೇಡ ಎಂದು ಹೇಳಬೇಕಿತ್ತು. ಆದರೆ ಎಲ್ಲಿಗೆ ಹೋಗೋಣ ಎಂದು ಅವಳು ಕೇಳಿದ್ದರೆ ನನಗೆ ಒಂದು ಊರಿನ ಹೆಸರೂ ಹೊಳೆಯುತ್ತಿರಲಿಲ್ಲ.