ಹಂಪಮ್ಮ ಹೊಲಿದ ಎರಡು ಪಟ್ಟಿ

ಹೊಸಪೇಟೆಯ ಕಾಲುವೆ ದಂಡೆಯ ಮೇಲೆ ಇನ್ನೂ ಮಬ್ಬು. ಕಾಲೇಜಿನ ಪ್ರಯೋಗಾಲಯದ ಬೀಗ ತೆಗೆದು ಹಂಪಮ್ಮ ಒಳಗೆ ಬರುತ್ತಾರೆ. ಬ್ಯಾಕ್ಟೀರಿಯಾ ಬೆಳೆಸುವ ನಲವತ್ತು ಗಾಜಿನ ತಟ್ಟೆ ತೊಳೆಯಬೇಕು, ಕುಕ್ಕರಿನಲ್ಲಿಟ್ಟು ಕುದಿಸಬೇಕು. ಕೈ ಕೆಲಸದಲ್ಲಿದ್ದರೂ ಜೀವ ಇಲ್ಲಿಲ್ಲ. ಹತ್ತು ಗಂಟೆಗೆ ಎಮ್ಮಿಗನೂರಿನ ವಿದ್ಯಾರ್ಥಿನಿ ಕೊಟ್ರಬಸಮ್ಮನ ಮೌಖಿಕ ಪರೀಕ್ಷೆ. ಹೋದ ವರ್ಷ ಹುಡುಗಿ ಇದರಲ್ಲೇ ಡುಮ್ಕಿ ಹೊಡೆದಿದ್ದಳು. ಈ ಸಲವೂ ಹೋದರೆ ಓದು ಬಂದ್ ಎಂದು ಅವಳಪ್ಪ ಖಡಾಖಂಡಿತ ಹೇಳಿಬಿಟ್ಟಿದ್ದಾರೆ.

ಹಂಪಮ್ಮ ಇಲ್ಲಿ ಹದಿನೆಂಟು ವರ್ಷದಿಂದ ಅಟೆಂಡರ್. ಗಂಡ ತೀರಿಕೊಂಡ ಮೇಲೆ ಸಂಜೆ ಹೊತ್ತು ದರ್ಜಿಗಳ ಕುಪ್ಪಸಗಳಿಗೆ ಹುಕ್ಕು-ಕಾಜಾ ಹಾಕುತ್ತಾರೆ, ದಿನಕ್ಕೆ ಇಪ್ಪತ್ತು. ಶಾಲೆಯ ಮುಖ ನೋಡಿದವರಲ್ಲ.

ಪರೀಕ್ಷೆಗಿದ್ದ ಆ ಪಾಠವೋ, ಕಬ್ಬಿಣದ ಕಡಲೆ! ಜೀನಿನ ಸುದ್ದಿ ಆರ್‌ಎನ್‌ಎ ಎಂಬ ಎಳೆಯಾಗಿ ಹೊರಡುತ್ತದೆ, ರೈಬೋಸೋಮ್ ಅದನ್ನು ಓದುತ್ತ ಪ್ರೋಟೀನು ಕಟ್ಟುತ್ತದೆ. ಆ ಪ್ರೋಟೀನು ಬೇಡವಾದಾಗ ಬ್ಯಾಕ್ಟೀರಿಯಾ ಇನ್ನೊಂದು ಎಳೆ ಮಾಡಿ, ಒಂದೊಂದು ಅಕ್ಷರಕ್ಕೂ ಅದರ ಜೋಡಿ ಅಕ್ಷರ ಕೂರುವಂತೆ, ಮೊದಲನೆಯದಕ್ಕೆ ಜೋಡಿಸಿಬಿಡುತ್ತದೆ. ಓದಲು ಜಾಗವೇ ಇಲ್ಲ, ಕೆಲಸ ನಿಂತಿತು. ಹಾಲಸ್ವಾಮಿ ಮೇಷ್ಟ್ರು ಗಂಟಲು ಹರಿದುಕೊಂಡರೂ ಹುಡುಗರು ಪಿಳಿಪಿಳಿ ನೋಡುತ್ತಿದ್ದರು.

"ಇಷ್ಟ ಏನ್ರೀ ಸರ? ಇದು ನನ್ನ ಹುಕ್ಕು-ಕಾಜಾನ ಅಲ್ಲೇನ್ರೀ!" ಎಂದರಂತೆ ಹಂಪಮ್ಮ, ಬೋರ್ಡು ಒರೆಸುತ್ತ.

ಮರುದಿನವೇ ಎರಡು ಪಟ್ಟಿ ಹೊಲಿದು ತಂದರು. ಒಂದರಲ್ಲಿ ಹುಕ್ಕಿದ್ದಲ್ಲಿ ಇನ್ನೊಂದರಲ್ಲಿ ಕಾಜಾ, ಒಂದರಲ್ಲಿ ಗಂಡು ಟಿಚ್ ಬಟನ್ ಇದ್ದಲ್ಲಿ ಇನ್ನೊಂದರಲ್ಲಿ ಹೆಣ್ಣು. ಒಂಟಿ ಪಟ್ಟಿಯ ಮೇಲೆ ರೈಬೋಸೋಮ್ ಬದಲಿನ ಪರದೆಯ ರಿಂಗು ಸರಾಗ ಓಡುತ್ತದೆ. ಜೋಡಿಸಿದರೆ ತುದಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಒಂದೇ ತಪ್ಪಾಗಿತ್ತು. ಆರಂಭದ ಗುರುತಿಗೆ ಎರಡಕ್ಕೂ ಒಂದೇ ಕಡೆ ಕೆಂಪು ದಾರ ಹಾಕಿದ್ದರು.

"ಕುಪ್ಸದಾಗ ಎರಡೂ ಕೊರಳಿಂದನ ಸುರು ಆಗ್ತಾವ್ರಿ. ಇದು ಉಲ್ಟಾ ಅಂತ ನನಗೇನ್ ಗೊತ್ತು?" ಎಂದು ನಗುತ್ತಾರೆ. ಎರಡನೇ ಎಳೆಯನ್ನು ಆಚೆ ತುದಿಯಿಂದ ಓದಬೇಕು. ಕೊಟ್ರಬಸಮ್ಮ ಹೋದ ವರ್ಷ ಎಡವಿದ್ದೂ ಇದರಲ್ಲೇ. ದಾರ ಬಿಚ್ಚಿ ಆಚೆ ತುದಿಗೆ ಹಾಕುವ ಕೆಲಸವನ್ನು ಹಂಪಮ್ಮ ಅವಳ ಕೈಯಲ್ಲೇ ಮಾಡಿಸಿದರು.

ಹತ್ತು ಗಂಟೆ. ಪಟ್ಟಿಗಳನ್ನು ಒಳಗೆ ತರುವಂತಿಲ್ಲ. ಪರೀಕ್ಷಕರು ಬೋರ್ಡಿನ ಮೇಲೆ ಒಂದು ಎಳೆ ಬರೆದು, "ಜೋಡಿ ಬರಿಯಮ್ಮ. ಆರಂಭ ಎಲ್ಲಿ?" ಎನ್ನುತ್ತಾರೆ. ಹಂಪಮ್ಮ ನೀರಿನ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದಾರೆ. ಹುಡುಗಿಯ ಬೆರಳು ಗಾಳಿಯಲ್ಲೇ ಹುಕ್ಕು ಹಾಕುತ್ತದೆ. ಅವಳು ಕೆಳಗೆ ಎರಡನೇ ಸಾಲು ಬರೆಯುತ್ತಾಳೆ. ಬೆರಳು ಒಂದು ಕ್ಷಣ ತಡವರಿಸುತ್ತದೆ, ಆಮೇಲೆ ಸೀದಾ ಆಚೆ ತುದಿಗೆ ಹೋಗುತ್ತದೆ.

"ಇಲ್ಲಿಂದ, ಸರ್."

"ಶಭಾಷ್. ಪಾಸಾದೆ, ಹೋಗು."

ಹಂಪಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. "ನನಗ ಸಹಿ ಮಾಡಾಕೂ ಬರಂಗಿಲ್ರಿ," ಎನ್ನುತ್ತಾರೆ, "ಆದ್ರ ಆ ಬೋರ್ಡಿನ ಮ್ಯಾಲಿನ ಎರಡನೇ ಸಾಲು ಐತಲ್ಲ, ಅದು ನಾ ಹೊಲ್ದದ್ರಿ."