ಪೋಟಿ ಬಂದರಿನ ಋಣ

ಬೈಂದೂರಿನ ಕಡಲ ಬದಿಗೆ ಹೋಗಿ ಅಣ್ಣಯ್ಯನ ಮನೆ ಎಲ್ಲಿ ಎಂದು ಕೇಳಿದರೆ, ಯಾವ ಅಣ್ಣಯ್ಯ ಎಂದು ಮರುಪ್ರಶ್ನೆ ಬರುತ್ತದೆ. ಪೋಟಿ ಅಣ್ಣಯ್ಯ ಎಂದರೆ ಸಾಕು, ಕೇಳಿದವರನ್ನು ಅಂಗಳದವರೆಗೂ ಬಿಟ್ಟು ಬರುತ್ತಾರೆ. ಪೋಟಿ ಅವನ ಮನೆತನದ ಹೆಸರಲ್ಲ. ಅದು ಕಪ್ಪು ಸಮುದ್ರದ ದಡದಲ್ಲಿ, ಜಾರ್ಜಿಯಾ ಎಂಬ ಸಣ್ಣ ದೇಶದಲ್ಲಿರುವ ಬಂದರು. ಆ ದೇಶ ಯಾವ ದಿಕ್ಕಿಗಿದೆ ಎಂದೂ ನಮ್ಮೂರಿನವರಿಗೆ ಗೊತ್ತಿಲ್ಲದ ಕಾಲದಲ್ಲಿ ಅಣ್ಣಯ್ಯ ಅದರ ಪರ ವಕಾಲತ್ತು ವಹಿಸಿ, ಕೈಯಲ್ಲಿದ್ದ ಚಹಾ ಆರುವವರೆಗೂ ಮಾತಾಡಿ, ಎಲ್ಲರ ತಲೆ ತಿಂದು ಈ ಹೆಸರು ಸಂಪಾದಿಸಿದ್ದ.

ಅವನ ಪಕ್ಷಪಾತಕ್ಕೆ ಕಾರಣ ಇಲ್ಲದಿರಲಿಲ್ಲ. ೧೯೯೭ರ ಚಳಿಗಾಲದಲ್ಲಿ ಅವನು ಖಲಾಸಿಯಾಗಿದ್ದ ಹಡಗು ಪೋಟಿಗೆ ಹೋಗಿ ಸಕ್ಕರೆ ಇಳಿಸಿತು. ಅಷ್ಟರಲ್ಲಿ ಹಡಗಿನ ಮಾಲೀಕ ದಿವಾಳಿಯೆದ್ದು ತಲೆಮರೆಸಿಕೊಂಡ. ಹಡಗಿಗೆ ಎಣ್ಣೆಯಿಲ್ಲ, ಒಲೆಗೆ ಅಕ್ಕಿಯಿಲ್ಲ, ಊರಿಗೆ ಹೋಗೋಣವೆಂದರೆ ಕೇಳುವವರೇ ಇಲ್ಲ. ಕರಾವಳಿಯ ಸೆಕೆಯಲ್ಲಿ ಬೆಳೆದ ಮೈ ಆ ಚಳಿಗೆ ಮರಗಟ್ಟಿ ಹೋಯಿತು. ಆಗ ಬಂದರಿನ ಗೇಟಿನೆದುರು ರೊಟ್ಟಿ ಸುಡುತ್ತಿದ್ದ ಮಾನಾನಾ ಎಂಬ ಹೆಂಗಸು ದಿನಾ ಬೆಳಿಗ್ಗೆ ಬಿಸಿ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಹಡಗಿನವರಿಗೆ ಕಳಿಸಿದಳು. ಯಾರೂ ಕೇಳಿರಲಿಲ್ಲ, ಅವಳೂ ಏನೂ ಕೇಳಲಿಲ್ಲ. ಅಣ್ಣಯ್ಯನ ಬಾಯಲ್ಲಿ ಅವಳು ಮಾನಮ್ಮನಾದಳು. ಅವಳೂ ಸುಖದಲ್ಲಿದ್ದವಳಲ್ಲ. ಕೆಲವೇ ವರ್ಷಗಳ ಹಿಂದೆ ಲಡಾಯಿಯಲ್ಲಿ ಗಂಡನನ್ನು ಕಳೆದುಕೊಂಡು, ಉಟ್ಟ ಬಟ್ಟೆಯಲ್ಲಿ ಉತ್ತರದ ಊರಿನಿಂದ ಓಡಿ ಬಂದವಳು. ಆ ಲಡಾಯಿಯಲ್ಲಿ ಎದುರಾಳಿಗಳ ಬೆನ್ನಿಗೆ ನಿಂತದ್ದು ಆ ಕಡೆ ಇರುವ ದೊಡ್ಡ ದೇಶ ರಷ್ಯಾ. ಅದರ ಹೆಸರು ಬಂದರೆ ಅವಳ ಕೈಯಲ್ಲಿದ್ದ ಹಿಟ್ಟು ಅಲ್ಲೇ ನಿಲ್ಲುತ್ತಿತ್ತು.

ಚಳಿಗಾಲ ಮುಗಿದ ಮೇಲೆ ಯಾರೋ ಪುಣ್ಯಾತ್ಮರ ಪ್ರಯತ್ನದಿಂದ ಹಡಗಿನವರೆಲ್ಲ ಊರು ಸೇರಿದರು. ಇನ್ನೂ ಕೆಲವು ವರ್ಷ ಬೇರೆ ಹಡಗುಗಳಲ್ಲಿ ದುಡಿದು, ಕೊನೆಗೆ ಅಣ್ಣಯ್ಯ ಕಡಲ ಬದಿಯಲ್ಲೇ ನಿಂತ. ಕೇರಿಯ ಕೈರಂಪಣಿ ಬಲೆಗೆ ಅವನೇ ಹಿರಿಯನಾದ. ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧಚಂದ್ರದ ಹಾಗೆ ಬಿಟ್ಟು ಬರುವುದು, ಆಮೇಲೆ ದಡದಲ್ಲಿ ನಿಂತು ಎರಡೂ ತುದಿಯ ಹಗ್ಗವನ್ನು ಊರೆಲ್ಲ ಸೇರಿ ಎಳೆಯುವುದು, ಎಳೆದವರಿಗೆಲ್ಲ ಮೀನಿನ ಪಾಲು. ಈ ಬಲೆಗೆ ಒಂದು ಕಟ್ಟಳೆ ಉಂಟು. ಹೊಸಬನೊಬ್ಬನನ್ನು ಹಿರಿಯ ಎಲ್ಲರೆದುರು ‘ಇವ ನಮ್ಮವ’ ಎಂದರೆ ಮುಗಿಯಿತು. ಆ ಮಾತು ಬಾಯಿಂದ ಬಿದ್ದ ಗಳಿಗೆಯಿಂದ ಅವನಿಗೆ ಪಾಲುಂಟು, ಅವನ ಜಗಳ ಎಲ್ಲರ ಜಗಳ. ಆಮೇಲೆ ಸಹಿ, ಸಭೆ, ವಿಚಾರಣೆ ಯಾವುದೂ ಇಲ್ಲ.

ಒಮ್ಮೆ ಹೊಳೆಯಾಚೆಯ ಮುತ್ತು ಎಂಬವನು ಹೀಗೇ ಬಂದ. ಅವನ ಹಿತ್ತಲಿಗೆ ತಾಗಿಕೊಂಡು ಒಬ್ಬ ಬಲಾಢ್ಯನ ಜಾಗ. ಆ ಬಲಾಢ್ಯನ ಕಡೆಯವರು ಮುತ್ತುವನ್ನು ನೆಮ್ಮದಿಯಾಗಿ ಇರಗೊಡುತ್ತಿರಲಿಲ್ಲ. ಆ ದಿನವೂ ದೊಣ್ಣೆ ಹಿಡಿದು ಹಿಂದೆಯೇ ಬಂದಿದ್ದರು. ಅಣ್ಣಯ್ಯ ಹಿಂದೆಮುಂದೆ ನೋಡದೆ, “ಹ್ವಾಯ್, ಮುತ್ತು ನಮ್ಮವ!” ಎಂದು ಕೂಗಿದ. ಹಗ್ಗ ಎಳೆಯುತ್ತಿದ್ದವರೆಲ್ಲ ಒಟ್ಟಿಗೆ ತಿರುಗಿ ನೋಡಿದರು. ಬಂದವರು ದೊಣ್ಣೆಯನ್ನು ಊರುಗೋಲು ಮಾಡಿಕೊಂಡು, ಮೀನಿನ ರೇಟು ವಿಚಾರಿಸಿ, ಬಂದ ದಾರಿ ಹಿಡಿದರು. ಅಂದಿನಿಂದ ಅಣ್ಣಯ್ಯನಿಗೆ ಆ ಒಂದು ಮಾತಿನ ಮೇಲೆ ಎಲ್ಲಿಲ್ಲದ ನಂಬಿಕೆ.

ಇಂಥವನ ಕೈಗೆ ೨೦೦೮ರ ಏಪ್ರಿಲ್‌ನಲ್ಲಿ ಪತ್ರಿಕೆ ಸಿಕ್ಕಿತು. ನ್ಯಾಟೋ ಎಂಬ ಮಿಲಿಟರಿ ಕೂಟದಲ್ಲಿ ಅಮೆರಿಕ, ಜರ್ಮನಿ, ಫ್ರಾನ್ಸ್ ಎಂದು ಹತ್ತಾರು ದೇಶಗಳಿವೆ. ಒಬ್ಬರ ಮೇಲೆ ಯಾರಾದರೂ ಬಿದ್ದರೆ ಎಲ್ಲರ ಮೇಲೂ ಬಿದ್ದ ಹಾಗೆ ಎಂದು ಅವರೊಳಗೆ ಕರಾರು. ಆ ಕೂಟಕ್ಕೆ ಜಾರ್ಜಿಯಾವನ್ನು ಸೇರಿಸಬೇಕೇ ಬೇಡವೇ ಎಂದು ದೊಡ್ಡವರೆಲ್ಲ ಸಭೆ ಕೂತಿದ್ದರು. ಸುಬ್ಬನ ಚಹಾದಂಗಡಿಯ ಬೆಂಚಿನ ಮೇಲೂ ಅದೇ ಸಭೆ ಕೂತಿತು. ಸೇರಿಸಲೇಬೇಕು ಎನ್ನುವ ಪಕ್ಷಕ್ಕೆ ಅಣ್ಣಯ್ಯ ಒಬ್ಬನೇ. ಎದುರು ಪಕ್ಷಕ್ಕೆ ಮಿಲಿಟ್ರಿ ಭೋಜರಾಜ. ಸೈನ್ಯದಲ್ಲಿ ಹವಾಲ್ದಾರನಾಗಿ ನಿವೃತ್ತನಾಗಿ ಬಂದವನು, ಅಣ್ಣಯ್ಯನಿಗಿಂತ ಸ್ವಲ್ಪ ಹಿರಿಯ, ಮಾತಿನಲ್ಲಿ ಮಾತ್ರ ಇಬ್ಬರೂ ಸರಿಸಮ.

“ಅಣ್ಣಯ್ಯ, ಕೂಟಕ್ ಸೇರ್ಸುದ್ ಅಂದ್ರೆ ಹೆಗ್ಲ್ ಮೇಲೆ ಕೈ ಹಾಕುದಲ್ಲ ಮಾರಾಯಾ,” ಎಂದ ಭೋಜರಾಜ. “ಅವ್ನ್ ಬೇಲಿ ನಮ್ ಬೇಲಿ ಅಂದ್ ಬರ್ದ್ ಕೊಡುದ್. ನಾಳೆ ರಷ್ಯಾದವ್ರ್ ಬಂದ್ರೆ ಜರ್ಮನಿಯ ತಾಯಿ ತನ್ ಮಗ್ನ ಕಳ್ಸ್ಕ್. ಕಳ್ಸ್ತಳಾ?”

“ಕಳ್ಸುದೇ ಬ್ಯಾಡ ಭೋಜಣ್ಣ. ಕಳ್ಸ್ತೊ ಅಂದ್ ಹೇಳ್ರೆ ಸಾಕ್, ಬಪ್ಪವ ಬತ್ತಿಲ್ಲೆ. ಮುತ್ತು ಕತಿ ಎಂತಾಯ್ತ್? ನೀವೇ ಕಂಡಿರಿ.”

“ದೊಡ್ಡವ್ನ ಹಿತ್ಲ್ ಬದಿಗ್ ಹೋಯಿ ಬಂದೂಕ್ ಹಿಡ್ಕಂಡ್ ನಿಂತ್ರೆ ಅವ ಸುಮ್ನ್ ಕೂಕಂತ್ನಾ? ಬಪ್ಪುಕ್ ಮನಸಿಲ್ದವ್ನ ಕರ್ದ್ ಬರ್ಸ್ದಂಗ್ ಆತ್.”

“ಹಂಗಾರೆ ದೊಡ್ಡವ್ನ ಬದಿಯಂಗ್ ಮನಿ ಇದ್ದದ್ದೇ ಅವ್ರ್ ತಪ್ಪಾ? ಅವ್ರಿಗ್ ಯಾರೂ ಬ್ಯಾಡ್ದಾ?”

ಸುಬ್ಬ ಇಬ್ಬರ ಲೋಟವನ್ನೂ ಎತ್ತಿಕೊಂಡು ಹೋದ ಮೇಲೂ ಮಾತು ನಿಲ್ಲಲಿಲ್ಲ. ಎರಡು ದಿನ ಬಿಟ್ಟು ಸಭೆಯ ತೀರ್ಮಾನ ಬಂತು. ಜಾರ್ಜಿಯಾ ಮುಂದೊಂದು ದಿನ ನಮ್ಮ ಕೂಟದ್ದೇ ಆಗುತ್ತದೆ ಎಂದು ದೊಡ್ಡವರು ಜಗತ್ತಿನೆದುರು ಹೇಳಿದ್ದರು. ಆದರೆ ಯಾವಾಗ ಎಂದಿಲ್ಲ, ಮೊದಲ ಮೆಟ್ಟಿಲನ್ನೂ ಹತ್ತಿಸಿರಲಿಲ್ಲ. ಆ ‘ಆದರೆ’ಯಿಂದ ಮುಂದಿನದನ್ನು ಅಣ್ಣಯ್ಯ ಗಣನೆಗೇ ತೆಗೆದುಕೊಳ್ಳಲಿಲ್ಲ. ನಮ್ಮವರು ಎಂದು ಹೇಳಿ ಆಯಿತಲ್ಲ! ಅವನ ಲೆಕ್ಕದಲ್ಲಿ ಇನ್ನು ಉಳಿದದ್ದು ಪಾಲು ಹಂಚುವ ಕೆಲಸ ಮಾತ್ರ. ಅಂಗಡಿಯಲ್ಲಿದ್ದವರಿಗೆಲ್ಲ ಗೋಳಿಬಜೆ ಕೊಡಿಸಿದ. ಬಾಗಿಲು ತೆರೆದಿಲ್ಲ, ತೆರೆಯುತ್ತೇವೆ ಎಂದಿದ್ದಾರೆ ಅಷ್ಟೇ ಎಂದು ಭೋಜರಾಜ ಬಿಡಿಸಿ ಹೇಳಿದ. ಹೇಳುತ್ತ ತನ್ನ ಪಾಲಿನ ಗೋಳಿಬಜೆಯನ್ನೂ ತಿಂದ.

ಇಷ್ಟರಲ್ಲೇ ನಿಂತಿದ್ದರೆ ಇದು ಬರೀ ಚಹಾದಂಗಡಿಯ ಮಾತಾಗಿ ಉಳಿಯುತ್ತಿತ್ತು. ಆದರೆ ಅಣ್ಣಯ್ಯನ ಒಬ್ಬನೇ ಮಗ ಸುಜನ್ ಆಗಷ್ಟೇ ಹಡಗಿನ ಕೆಲಸಕ್ಕೆ ಸೇರಿದ್ದ. ಜೂನ್‌ನಲ್ಲಿ ಮುಂಬೈಯ ಆಫೀಸಿನವರು ಅವನ ಮುಂದೆ ಎರಡು ಹಡಗು ಇಟ್ಟರು. ಒಂದು ಸಿಂಗಾಪುರದ ಕಡೆಯದು, ಇನ್ನೊಂದು ಗೋಧಿ ಹೇರಿಕೊಂಡು ಕಪ್ಪು ಸಮುದ್ರಕ್ಕೆ, ಪೋಟಿಗೇ ಹೋಗುವಂಥದು. ಅಣ್ಣಯ್ಯನ ಹೆಂಡತಿ ಚಂದ್ರಾವತಿ ಒಣಮೀನಿನ ವ್ಯಾಪಾರ ಮಾಡುವವಳು, ಮಾತು ಕಡಿಮೆ. ಅವಳು ಒಂದೇ ಮಾತು ಹೇಳಿದಳು: “ಸಿಂಗಾಪುರಕ್ ಹೋಯ್ಲಿ. ಲಡಾಯಿ ಆದ್ ಊರ್ ಬ್ಯಾಡ.”

“ಆ ಲಡಾಯಿ ಎಲ್ಲ ಮುಗ್ದ್ ಹೋಯ್ತ್ ಹೆಣ್ಣೆ,” ಎಂದ ಅಣ್ಣಯ್ಯ. “ಈಗ್ಳ್ ಅವ್ರ್ ಬೆನ್ನಿಗ್ ಅಮೆರಿಕ ಇತ್ತ್. ಯಾರೂ ಮುಟ್ಟುಕಿಲ್ಲೆ. ನಾ ಹೇಳ್ತೆ ಕೇಣ್ ಮಗಾ, ಪೋಟಿಗೇ ಹೋಗ್.”

ಸುಜನ್ ಅಪ್ಪನ ಮುಖ ನೋಡಿದ, ಅಮ್ಮನ ಮುಖ ನೋಡಿದ, ಪೋಟಿಗೆ ಹೋಗುವ ಹಡಗನ್ನೇ ಹತ್ತಿದ.

ನಾಗರಪಂಚಮಿ ಕಳೆದು ಎರಡು ದಿನವಾಗಿತ್ತು. ಹೊರಗೆ ಜಡಿಮಳೆ, ಸುಬ್ಬನ ಅಂಗಡಿಯ ಟೀವಿಯಲ್ಲಿ ಚೀನಾದ ಒಲಿಂಪಿಕ್ಸ್ ಉದ್ಘಾಟನೆ. ಪಟಾಕಿಯ ಅಬ್ಬರ ನೋಡಿ ಎಲ್ಲರೂ ಬಾಯಿ ಬಿಟ್ಟುಕೊಂಡು ಕೂತಿದ್ದಾಗ, ಪರದೆಯ ಕೆಳಗಿನ ಪಟ್ಟಿಯಲ್ಲಿ ಜಾರ್ಜಿಯಾ, ರಷ್ಯಾ, ಯುದ್ಧ ಎಂಬ ಅಕ್ಷರಗಳು ಓಡಿದವು. ಅಣ್ಣಯ್ಯ ಒಮ್ಮೆ ಓದಿದ, ಮತ್ತೆ ಬರಲಿ ಎಂದು ಕಾದು ಇನ್ನೊಮ್ಮೆ ಓದಿದ. ಲಡಾಯಿ ಗುಡ್ಡಗಾಡಿನಲ್ಲಂತೆ, ಬಂದರಿಗೂ ಅದಕ್ಕೂ ದೂರ ಎಂದು ತನಗೆ ತಾನೇ ಹೇಳಿಕೊಂಡ. ಮರುದಿನದ ಸುದ್ದಿಯಲ್ಲಿ ಪೋಟಿ ಬಂದರಿಗೇ ಬಾಂಬ್ ಬಿದ್ದಿದೆ, ಜನ ಸತ್ತಿದ್ದಾರೆ ಎಂದು ಬಂತು. ಸುಜನ್ ಕೊನೆಗೆ ಫೋನ್ ಮಾಡಿದ್ದು ಅದೇ ಬಂದರಿನಿಂದ, ಗೋಧಿ ಇಳಿಸುತ್ತಿದ್ದೇವೆ ಎಂದು.

ಅಣ್ಣಯ್ಯನಿಗೆ ಕಾಲಿನ ಕೆಳಗಿನ ದಡದ ಹೊಯ್ಗೆ ಅಲೆಗೆ ಜಾರಿದ ಹಾಗಾಯಿತು. ಚಂದ್ರಾವತಿ ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಅವನಿಗೆ ಉಸಿರಾಡಲು ಜಾಗವಾದರೂ ಸಿಗುತ್ತಿತ್ತು. ಅವಳು ಬಟ್ಟಲು ತಂದಿಡುತ್ತಿದ್ದಳು, ಗಂಜಿ ಬಡಿಸುತ್ತಿದ್ದಳು, ಅವನು ಮುಟ್ಟದೆ ಎದ್ದರೆ ಬಟ್ಟಲು ತೆಗೆದಿಡುತ್ತಿದ್ದಳು. ಮಾತು ಮಾತ್ರ ಇಲ್ಲ.

ಭೋಜರಾಜ ಬಂದ. ತಾನು ಹೇಳಿದ್ದೇ ಆಯಿತು ಎಂದು ಹೇಳಲು ಬಂದಿರಬೇಕೆಂದು ಅಣ್ಣಯ್ಯ ತಲೆ ತಗ್ಗಿಸಿ ಕೂತ. ಭೋಜರಾಜ ಅದನ್ನು ಎತ್ತಲೇ ಇಲ್ಲ. ಕೊಡೆ ಮಡಚಿ, ಜಗಲಿಯಲ್ಲಿ ಕೂತು, ತನ್ನ ಮೊಬೈಲಿನಿಂದ ಮುಂಬೈಯ ಆಫೀಸಿಗೆ ಫೋನ್ ಹಚ್ಚಿದ. ಹಡಗಿನ ಸಂಪರ್ಕ ಸಿಗುತ್ತಿಲ್ಲ ಎಂದರು. ಮರುದಿನವೂ ಬಂದು ಮಿಲಿಟರಿ ಗತ್ತಿನ ಹಿಂದಿಯಲ್ಲಿ ಗದರಿಸಿದ. ಮತ್ತೂ ಅದೇ ಉತ್ತರ. ಆದರೂ ದಿನಾ ಬಂದ.

ಆ ದಿನಗಳಲ್ಲಿ ಟೀವಿ ಮುಂದೆ ಕೂತ ಅಣ್ಣಯ್ಯ ಒಂದನ್ನೇ ಹುಡುಕುತ್ತಿದ್ದ. ನಮ್ಮವರು ಎಂದು ಏಪ್ರಿಲ್‌ನಲ್ಲಿ ಹೇಳಿದವರಲ್ಲಿ ಯಾರಾದರೂ ಎದ್ದು ಬಂದರೇ? ಖಂಡಿಸಿದರು, ಆತಂಕ ಪಟ್ಟರು, ಕೂಡಲೇ ನಿಲ್ಲಿಸಿ ಎಂದರು. ಆಳು ಮಾತ್ರ ಯಾರೂ ಕಳಿಸಲಿಲ್ಲ. ಹಡಗಿನಲ್ಲಿ ಜಗತ್ತು ಸುತ್ತಿದವನು ತಾನು, ಆದರೂ ದೊಡ್ಡ ದೇಶಗಳ ಮಾತನ್ನು ತನ್ನ ಕೇರಿಯ ಹೊಯ್ಗೆಯ ಮೇಲಿನ ಮಾತೆಂದು ತಿಳಿದೆನಲ್ಲ, ಆ ನಂಬಿಕೆಯ ಮೇಲೆ ಮಗನನ್ನು ಕಳಿಸಿದೆನಲ್ಲ ಎಂದು ಹಣೆ ಬಡಿದುಕೊಂಡ.

ಸ್ವಾತಂತ್ರ್ಯ ದಿನದ ಹಿಂದಿನ ಮಧ್ಯಾಹ್ನ ಮನೆಯ ಫೋನ್ ಹೊಡೆದುಕೊಂಡಿತು. ಚಂದ್ರಾವತಿಯೇ ಓಡಿ ಹೋಗಿ ಎತ್ತಿದಳು. ಆ ಕಡೆಯ ದನಿ ಕೇಳಿದಳು. ಆಮೇಲೆ ಗೋಡೆಗೆ ಒರಗಿ ಹಾಗೇ ಜಾರಿ ನೆಲಕ್ಕೆ ಕೂತು, “ಉಂಡ್ಯಾ ಮಗಾ?” ಎಂದಳು. ಜಗಲಿಯಲ್ಲಿದ್ದ ಇಬ್ಬರು ಗಂಡಸರಿಗೆ ಅಷ್ಟು ಸಾಕಾಯಿತು. ಭೋಜರಾಜ ಟೊಪ್ಪಿ ತೆಗೆದು ಮುಖ ಮುಚ್ಚಿಕೊಂಡ. ಅಣ್ಣಯ್ಯ ಚಿಕ್ಕ ಮಗುವಿನ ಹಾಗೆ ಅತ್ತೇ ಬಿಟ್ಟ.

ಬಾಂಬ್ ಬಿದ್ದಾಗ ದಡದವರೆಲ್ಲ ಓಡಿ ಹೋಗಿದ್ದರಂತೆ. ಹಡಗಿನ ಹಗ್ಗ ಬಿಚ್ಚಲು ಒಬ್ಬನೂ ಇಲ್ಲದ್ದರಿಂದ ಕ್ಯಾಪ್ಟನ್ ಕೊಡಲಿಯಿಂದ ಹಗ್ಗ ಕಡಿಸಿ ಹಡಗನ್ನು ಹೊರಗೆ ತಂದನಂತೆ. ಬಾಂಬಿನ ಒಂದು ಚೂರು ಬಡಿದು ವೈರ್‌ಲೆಸ್ ಕೆಟ್ಟಿತು, ಟರ್ಕಿಯ ಬಂದರಿನವರು ಒಳಗೆ ಬಿಡಲು ತಡ ಮಾಡಿದರು, ಹಾಗಾಗಿ ಫೋನಿಲ್ಲ. ಯಾರ ಮೈಗೂ ಗಾಯವಾಗಿಲ್ಲ. ಇಷ್ಟೆಲ್ಲ ಕೇಳಿದ ಮೇಲೆ ಅಣ್ಣಯ್ಯ ಫೋನ್ ತೆಗೆದುಕೊಂಡ.

“ಮಗಾ, ನನ್ ಮಾತ್ ಕೇಂಡ್ ಹೋಯಿ ನೀ...” ಎಂದು ಶುರು ಮಾಡಿದ.

ಆ ಕಡೆ ಸುಜನ್ ನಕ್ಕ. “ನಿಮ್ ಮಾತ್ ಕೇಂಡ್ ಯಾರ್ ಹೋದ್ರ್ ಅಪ್ಪಯ್ಯ? ಆ ಹಡಗಿನ ಅಡ್ಗಿಯವ ನಮ್ ಗಂಗೊಳ್ಳಿಯವ. ದಿನಾ ತೆಂಗಿನಕಾಯಿ ಹಾಕಿ ಮೀನ್ ಸಾರ್ ಮಾಡ್ತ. ಸಿಂಗಾಪುರದ್ ಹಡಗಂಗೆ ಬರೀ ಬ್ರೆಡ್, ಬಟಾಟಿ ಅಂಬ್ರ್. ಅದ್ಕೇ ಹೋದ್ದ್ ನಾನ್.”

ಇಷ್ಟು ದಿನ ಅಮೆರಿಕದಿಂದ ರಷ್ಯಾದವರೆಗಿನ ಭಾರವನ್ನೆಲ್ಲ ತಲೆಯ ಮೇಲೆ ಹೊತ್ತು ಕೂತಿದ್ದ ಅಣ್ಣಯ್ಯನಿಗೆ ಮೊದಲು ಒಂದಿಷ್ಟು ಅವಮಾನವೇ ಆಯಿತು. ಆಮೇಲೆ ನಗು ಬಂತು. ತಡೆಯಲಾಗದ ಹಾಗೆ, ಹೊಟ್ಟೆ ಹಿಡಿದುಕೊಂಡು ನಕ್ಕ. ಎದೆಯ ಮೇಲಿನ ಕಲ್ಲು ಇಳಿದುಹೋಯಿತು.

ಚಂದ್ರಾವತಿ ಇಬ್ಬರಿಗೂ ಗಂಜಿ ಬಡಿಸಿದಳು, ಒಣ ಚಟ್ಲಿಯ, ಎಂದರೆ ಸಿಗಡಿಯ, ಚಟ್ನಿ ಹಾಕಿದಳು. ಭೋಜರಾಜ ಗಂಜಿ ಉಣ್ಣುತ್ತ ಮೆಲ್ಲನೆ ಕೇಳಿದ: “ಈಗ್ಳ್ ಹೇಳ್ ಅಣ್ಣಯ್ಯ. ಅವ್ರನ್ನ್ ಕೂಟಕ್ ಸೇರ್ಸ್ಕಣ್ಕಾ, ಬ್ಯಾಡ್ದಾ?”

ಅಣ್ಣಯ್ಯ ತಡೆದು ತಡೆದು ಹೇಳಿದ. “ಅವ್ರ್ ಒಬ್ರೇ ಸಾಯ್ಲಿ ಅಂಬುಕ್ ನಂಗ್ ಈಗ್ಳೂ ಮನ್ಸ್ ಬತ್ತಿಲ್ಲೆ. ಆರೆ ಭೋಜಣ್ಣ, ಮಾನಮ್ಮನ ಊರ್ ಉಳ್ಸುಕ್ ನಿನ್ ಮಗ್ನ ಕಳ್ಸ್ ಅಂದ್ ಯಾರಾರೂ ಕೇಂಡಿದ್ರೆ ನಾ ಕಳ್ಸ್ತಿದ್ನಾ? ಇಲ್ಲೆ. ಅವ್ಳ್ ರೊಟ್ಟಿ ತಿಂದ್ ಬದ್ಕಿದವ ನಾನು. ನಾನೇ ಕಳ್ಸೂದಿಲ್ಲೆ. ಅವ್ಳ ಮೊಕವೇ ಕಾಣದ್ ಜರ್ಮನಿಯವ್ರ್ ಕಳ್ಸ್ಕ್ ಅಂದ್ ಇಲ್ ಕೂಕಂಡ್ ಗಲಾಟಿ ಮಾಡ್ದೆ.”

ಭೋಜರಾಜ ಗೆದ್ದವನ ಹಾಗೆ ಮುಖ ಮಾಡಲಿಲ್ಲ. “ನಾ ಹೇಳಿದ್ದೇ ಸಮಾ ಅಂದ್ ನಂಗೂ ಧೈರ್ಯ ಇಲ್ಲೆ. ಏಪ್ರಿಲಂಗೇ ಪೂರಾ ಒಳಗ್ ತಕಂಡಿದ್ರೆ ರಷ್ಯಾದವ್ರ್ ಹೆದ್ರ್ತಿದ್ರೋ ಏನೋ. ಯಾರಿಗ್ ಗೊತ್ತಿತ್ತ್? ಬಾಗ್ಲ್ ಅರ್ಧ ತೆಗ್ದ್ ಇಟ್ಟದ್ದ್ ಮಾತ್ರ ತಪ್ಪ್.”

“ಅರ್ಧ ತೆಗ್ದ್ ಬಾಗ್ಲಂಗೇ ಮಕ್ಳ್ ಕೈ ಸಿಕ್ಕುದ್,” ಎಂದಳು ಚಂದ್ರಾವತಿ. ಇಬ್ಬರೂ ಗಂಜಿಯ ಬಟ್ಟಲಿನಿಂದ ತಲೆ ಎತ್ತಿ ಅವಳನ್ನು ನೋಡಿದರು. ನಾಲ್ಕು ತಿಂಗಳು ಬೆಂಚು ಸವೆಸಿ ಹುಡುಕಿದರೂ ಅವರಿಗೆ ಸಿಗದಿದ್ದ ಮಾತು ಅದು. ಅವಳು ಅದರ ಕಡೆ ಗಮನ ಕೊಡದೆ ಗಂಡನ ಕಡೆ ತಿರುಗಿದಳು.

“ಹ್ವಾಯ್, ಇನ್ ಮೇಲೆ ಮಗ ಯಾವ್ ಹಡಗ್ ಹತ್ತುದ್ ಅಂದ್ ನಾ ಹೇಳ್ತೆ. ನೀವ್ ಮಾತಾಡ್ಕಾಗ.”

“ಆಯ್ತ್ ಮಾರಾಯ್ತಿ,” ಎಂದ ಅಣ್ಣಯ್ಯ. ಬಂದರಿಗೆ ಬಾಂಬ್ ಬಿದ್ದ ಸುದ್ದಿ ಬಂದ ಮೇಲೆ ಅವಳು ಅವನೊಡನೆ ಆಡಿದ ಮೊದಲ ಮಾತು ಅದು. ಅವನು ಬಟ್ಟಲು ಮುಂದೆ ಚಾಚಿ ಇನ್ನಷ್ಟು ಗಂಜಿ ಹಾಕಿಸಿಕೊಂಡ.