ಹನ್ನೆರಡು ಷೇರಿನ ಧಣಿ

ನಾನು ಒಂದು ಕಂಪನಿಯ ಮಾಲೀಕ. ಈ ಸಂಗತಿ ಕಂಪನಿಗೆ ಅಷ್ಟಾಗಿ ಗೊತ್ತಿಲ್ಲ. ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ಮೊಬೈಲಿನಲ್ಲೇ ಕೊಂಡ ಹನ್ನೆರಡು ಷೇರುಗಳಿವೆ. ಅವುಗಳ ಬಲದಿಂದ ಬೆಳಗಿನ ಕಾಫಿ ಹೊತ್ತಿಗೆ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ತಾನಾಗಿ ಏರುತ್ತದೆ. ಹೆಂಡತಿ ಇದಕ್ಕೆ ವಾಯು ಕಾರಣ ಎನ್ನುತ್ತಾಳೆ.

ಮೊನ್ನೆ ಷೇರಿನ ಬೆಲೆ ದಿಢೀರನೆ ಏರಿತು. ಕೋಟೇಶ್ವರದ ಪೇಟೆಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ. ಏಕೆ ಏರಿತೆಂದು ತಿಳಿದದ್ದು ಸಂಜೆ. ಖರ್ಚು ಉಳಿಸಲು ಕಂಪನಿ ಕೆಲವು ಗೇರುಬೀಜದ ಕಾರ್ಖಾನೆಗಳನ್ನು ಮುಚ್ಚುತ್ತದಂತೆ. ಅದರಲ್ಲಿ ನಮ್ಮೂರಿನದೂ ಒಂದು. ಪಕ್ಕದ ಮನೆಯ ಗಿರಿಜಕ್ಕ ಮದುವೆಯಾಗಿ ಬಂದಂದಿನಿಂದ ಬೀಜ ಸುಲಿಯುತ್ತಿರುವುದು ಅಲ್ಲಿಯೇ.

ಕಂಪನಿಗೆ ಆ ಕಾರ್ಖಾನೆಯನ್ನು ಮಾರಿದ ಹಳೆಯ ಧಣಿ ಪುಣ್ಯಾತ್ಮರೇನಲ್ಲ. ಸಂಬಳ ಹೆಚ್ಚಿಸಿ ಎಂದರೆ ಕಿವಿ ಕೇಳಿಸದ ಆಸಾಮಿ. ಆದರೆ ಊರಿನ ಮದುವೆಯೂಟದಲ್ಲಿ ಬೀಜ ಸುಲಿಯುವ ಹೆಂಗಸರಿಗೆ ಮುಖ ತೋರಿಸಬೇಕಿತ್ತು. ಕಾರ್ಖಾನೆ ನಿಲ್ಲಿಸಿದರೆ ಮರುದಿನವೇ ಅವರೆಲ್ಲ ಧಣಿಯ ಜಗಲಿಯಲ್ಲಿ ಬಂದು ಕೂರುತ್ತಿದ್ದರು, ಉತ್ತರ ಸಿಗದೆ ಏಳುತ್ತಿರಲಿಲ್ಲ. ಷೇರುಪೇಟೆಯ ಜಾಣತನ ಇರುವುದು ಜಗಲಿಯೇ ಇಲ್ಲದ ಧಣಿಯನ್ನು ಸೃಷ್ಟಿಸಿದ್ದರಲ್ಲಿ. ಮಾಲೀಕರು ಲಕ್ಷಾಂತರ, ಯಾರ ಬಾಗಿಲು ತಟ್ಟುವುದು? ಷೇರುಪೇಟೆಗೆ ಮೂರು ತಿಂಗಳಿಗೊಮ್ಮೆ ಲಾಭ ಬೇಕು. ಗೇರುಮರ ಹೂ ಬಿಡುವುದು ವರ್ಷಕ್ಕೊಮ್ಮೆ ಎಂದು ಅದಕ್ಕೆ ಹೇಳುವವರು ಯಾರು?

ನನಗಾದರೋ ಜಗಲಿಯಿತ್ತು. ನಾನು ಮಾಲೀಕನೆಂದು ಊರಿಡೀ ಡಂಗುರ ಸಾರಿದ್ದೂ ನಾನೇ. ಮರುದಿನ ಬೆಳಿಗ್ಗೆ ಗಿರಿಜಕ್ಕನ ಹಿಂದೆ ಹತ್ತು ಹದಿನೈದು ಹೆಂಗಸರು ಬಂದು ಚಾಪೆ ಹಾಸಿ ಕೂತರು.

"ಹ್ವಾಯ್ ಮಾಷ್ಟ್ರೇ, ಈಗ ನೀವೇ ಧಣಿ ಅಂಬ್ರ್. ನಮ್ ಕಾರ್ಖಾನೆ ಎಂತಕ್ಕೆ ಮುಚ್ತ್ರಿ?" ಎಂದಳು ಗಿರಿಜಕ್ಕ.

"ನಂದ್ ಬರೀ ಹನ್ನೆರ್ಡ್ ಷೇರ್ ಮಾರಾಯ್ತಿ. ನನ್ ಮಾತ್ ಅಲ್ಲ್ ಯಾರ್ ಕೇಂತ್ರ್?"

"ಕೇಂತ್ರಿಲ್ಯಾ? ಅಂದ್ರೂ ನಿಮ್ಗ್ ಲಾಭ ಬಂದದ್ದ್ ಹೌದಲ್ದಾ?"

ಹೌದು, ಬಂದಿತ್ತು. ನನ್ನನ್ನು ನಿಜವಾಗಿಯೂ ಮಾಲೀಕನೆಂದು ನಂಬಿ ಬಂದವರು ಪ್ರಪಂಚದಲ್ಲಿ ಇವರು ಮಾತ್ರ, ಅವರಿಗೆ ಕೊಡಲು ನನ್ನಲ್ಲಿದ್ದದ್ದು ಚಹಾ ಮಾತ್ರ. ನಿಜಕ್ಕೂ ನಾಚಿಕೆಯಾಯಿತು.

ಗಿರಿಜಕ್ಕ ನನ್ನ ಮುಖವನ್ನೇ ನೋಡಿದಳು. "ಹಂಗಾರೆ ನಿಮ್ಮನ್ನೂ ಕೇಂಡ್ ಮುಚ್ಚುದಲ್ಲ?"

"ಅಲ್ಲ."

ಚಾಪೆಯಲ್ಲಿ ಸ್ವಲ್ಪ ಸರಿದು ಜಾಗ ಮಾಡಿದಳು. "ಮತ್ತೆಂತಕ್ಕೆ ಕುರ್ಚಿ ಮೇಲ್ ಕೂಕಂಡದ್ದ್? ಬನಿ, ಇಲ್ಲ್ ಕೂಕಣಿ."

ಕಾಲ ಮೇಲಿನ ಕಾಲನ್ನು ಇಳಿಸಿ ಚಾಪೆಯ ತುದಿಯಲ್ಲಿ ಕೂತೆ. ಚಹಾ ಕುಡಿಯುತ್ತ, ಇನ್ನು ನಾವೆಲ್ಲ ಎದ್ದು ಹೋಗಬೇಕಾದ ಜಗಲಿ ಯಾವುದೆಂದು ಒಟ್ಟಿಗೆ ಯೋಚಿಸತೊಡಗಿದೆವು.